ಹಳೆಯ ಫ್ರಂಟ್‌ವೀಲ್ ಕ್ಯಾಂಪರ್ ವ್ಯಾನು, 20% ಏರಿನ ಜಲ್ಲಿ ರಸ್ತೆ: ಹತ್ತುತ್ತಾ? ಹತ್ತಿದರೆ ಸರಿಯಾಗಿ ಇಳಿಯುತ್ತಾ?

ಹಳೇವ್ಯಾನು

ಗಾಡಿಯ ವಿವರ ಮೊದಲೇ ಕೊಟ್ಟುಬಿಡುತ್ತೇನೆ. 90ರ ದಶಕದ ವ್ಯಾನು, ಮುಂದಿನ ಚಕ್ರಗಳಿಗೆ ಮಾತ್ರ ಡ್ರೈವ್. ಟರ್ಬೋ ಇಲ್ಲದ 2.5 ಲೀಟರ್ ಡೀಸೆಲ್, 5 ಗೇರು, ಮುಂದೆ ಡಿಸ್ಕ್, ಹಿಂದೆ ಡ್ರಮ್, ಎತ್ತರದ ಫೈಬರ್ ಛಾವಣಿ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2.9 ಮೀಟರ್. ನೀರು, ಡೀಸೆಲ್, ಗ್ಯಾಸ್ ಸಿಲಿಂಡರ್, ಇಬ್ಬರು ಮನುಷ್ಯರು ಎಲ್ಲ ಸೇರಿ ವೇಬ್ರಿಡ್ಜ್ ತೂಕ 2,640 ಕೆಜಿ. ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 1,240, ಹಿಂದೆ 1,400. 70 ಲೀಟರಿನ ನೀರಿನ ಟ್ಯಾಂಕು ಹಿಂದಿನ ಆಕ್ಸಲ್‌ಗಿಂತಲೂ 80 ಸೆಂ.ಮೀ. ಹಿಂದಕ್ಕಿದೆ. ಟಯರು 195/70 ಆರ್15 ಸಿ, ಲೋಡ್ ಇಂಡೆಕ್ಸ್ 104.

ದಾರಿ ಹೀಗಿದೆ: 1,400 ಮೀಟರ್ ಎತ್ತರದಿಂದ 2,600ಕ್ಕೆ ಹತ್ತಿ ಆಚೆ ಬದಿ ಇಳಿಯಬೇಕು. ಇಳಿಯುವ ಬದಿ 18 ಕಿ.ಮೀ.ಗೆ 1,200 ಮೀಟರ್. ಟಾರು ಇಲ್ಲ. ಸಡಿಲ ಜಲ್ಲಿ, ಅಲ್ಲಲ್ಲಿ ಗಟ್ಟಿ ಮಣ್ಣು, ಮಳೆನೀರು ಕೊರೆದ ಅಡ್ಡ ಚರಂಡಿಗಳು, ಸೇತುವೆಯಿಲ್ಲದ ಎರಡು ಹಳ್ಳ. ಹೆಚ್ಚಿನ ಕಡೆ 10–15% ಏರು, ಎರಡು ಹೇರ್‌ಪಿನ್ (ಪೂರ್ತಿ ಹಿಂದಕ್ಕೆ ಹೊರಳುವ) ತಿರುವುಗಳ ಹತ್ತಿರ ಸುಮಾರು 20%.

ಕೇಳಬೇಕಾದ್ದು: 20% ಏರನ್ನು ಸಡಿಲ ಜಲ್ಲಿಯಲ್ಲಿ ಈ ಗಾಡಿ ಹತ್ತುತ್ತದಾ? ಟಯರಿನ ಗಾಳಿ ಎಷ್ಟು ಇಳಿಸಬೇಕು? ಇಳಿಯುವಾಗ ಬ್ರೇಕ್ ಉಳಿಸಿಕೊಳ್ಳೋದು ಹೇಗೆ? ಹೊರಡುವ ಮುಂಚೆ ಏನೇನು ಬಿಚ್ಚಿ ನೋಡಬೇಕು? ಸಸ್ಪೆನ್ಷನ್ ಎತ್ತರ ಮಾಡಿಸಿದರೆ ಉಪಯೋಗ ಉಂಟಾ?

"ಫೋರ್ ವೀಲ್ ಡ್ರೈವ್ ತಗೊಳ್ಳಿ" ಅನ್ನೋ ಉತ್ತರ ಬೇಡ, ಅದು ಗೊತ್ತು.

ಎರಡನೇಗೇರು

ಆಕ್ಸಲ್ ತೂಕ ಬೇರೆ ಬೇರೆ ತಂದಿದ್ದೀರಿ, ಹಾಗಾಗಿ ಊಹೆ ಮಾಡುತ್ತಾ ಕೂರಬೇಕಿಲ್ಲ, ಲೆಕ್ಕವನ್ನೇ ಹಾಕಬಹುದು.

ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ. ಎಷ್ಟು ವಾಲುತ್ತದೆ ಅಂದರೆ: ಒಟ್ಟು ತೂಕವನ್ನು ಗುರುತ್ವ ಕೇಂದ್ರದ ಎತ್ತರದಿಂದ ಗುಣಿಸಿ, ಇಳಿಜಾರಿನ ಕೋನದ ಸೈನ್‌ನಿಂದ ಗುಣಿಸಿ, ವೀಲ್‌ಬೇಸ್‌ನಿಂದ ಭಾಗಿಸಿ. ಎತ್ತರದ ಛಾವಣಿ ಇರುವುದರಿಂದ ಗುರುತ್ವ ಕೇಂದ್ರ ನೆಲದಿಂದ 0.9 ಮೀಟರ್ ಅಂತ ಇಟ್ಟುಕೊಳ್ಳೋಣ. 20% ಅಂದರೆ 11.3 ಡಿಗ್ರಿ, ಸೈನ್ 0.196. ಹಾಗಾದರೆ 2,640 × 0.9 × 0.196 ÷ 2.9, ಅಂದರೆ ಸುಮಾರು 160 ಕೆಜಿ ಮುಂದಿನ ಚಕ್ರ ಬಿಟ್ಟು ಹಿಂದಿನ ಚಕ್ರಕ್ಕೆ ಹೋಯಿತು. ಜೊತೆಗೆ ಇಳಿಜಾರಿನಲ್ಲಿ ನೆಲವನ್ನು ಒತ್ತುವ ಭಾರವೇ 2% ಕಡಿಮೆ (ಕೋನದ ಕೊಸೈನ್ 0.98), ಹಾಗಾಗಿ ಸಮತಟ್ಟಿನಲ್ಲಿ 1,240 ಇದ್ದದ್ದು ಮೊದಲು 1,216 ಆಗಿ, ಅದರಿಂದ ಆ 160 ಕಳೆದು ಏರಿನಲ್ಲಿ ಸುಮಾರು 1,055 ಆಗುತ್ತದೆ. ಎಳೆಯಬೇಕಾದದ್ದು ಈ 1,055 ಕೆಜಿ ಭಾರ ಹೊತ್ತ ಎರಡು ಚಕ್ರ ಮಾತ್ರ.

ಎಳೆಯಬೇಕಾದ ಹೊರೆ ಎಷ್ಟು? ಏರಿಗೆ 517 ಕೆಜಿ. ಸಡಿಲ ಜಲ್ಲಿ ಚಕ್ರವನ್ನು ಹಿಡಿದೆಳೆಯುವುದಕ್ಕೆ ತೂಕದ 3.5% ಹಿಡಿದರೆ ಇನ್ನೊಂದು 92. ಒಟ್ಟು 609. ಇದನ್ನು 1,055ರಿಂದ ಭಾಗಿಸಿದರೆ 0.58. ಅಂದರೆ ಟಯರಿಗೂ ನೆಲಕ್ಕೂ ನಡುವಿನ ಹಿಡಿತ ಕನಿಷ್ಠ 0.58 ಇರಬೇಕು. ಗಟ್ಟಿಯಾಗಿ ಕೂತ ಒಣ ಜಲ್ಲಿಯಲ್ಲಿ 0.6ರ ಆಸುಪಾಸು ಸಿಗುತ್ತದೆ, ಸಡಿಲ ಜಲ್ಲಿಯಲ್ಲಿ 0.5ರ ಹತ್ತಿರ ಇದ್ದರೆ ಪುಣ್ಯ. ಹಾಗಾಗಿ ಹಾಗೇ ಹೋದರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಅದೇ ಲೆಕ್ಕ 15% ಏರಿಗೆ ಹಾಕಿ: ಬೇಕಾಗುವ ಹಿಡಿತ 0.44ರ ಹತ್ತಿರ. ಅದು ಹತ್ತುತ್ತದೆ. ನಿಮ್ಮ ಗಾಡಿಯ ಗಡಿ 15ಕ್ಕೂ 20ಕ್ಕೂ ನಡುವೆ ಎಲ್ಲೋ ಇದೆ.

ಈ ಗಡಿಯನ್ನು ಹೇಗೆ ಸರಿಸೋದು?

ಮೊದಲು ನೀರು. ಆಕ್ಸಲ್‌ಗಿಂತ 80 ಸೆಂ.ಮೀ. ಹಿಂದೆ ನೇತಾಡುವ 70 ಕೆಜಿ ಹಿಂದಿನ ಚಕ್ರವನ್ನು ಒತ್ತುವುದಷ್ಟೇ ಅಲ್ಲ, ಏತದ ಹಾಗೆ ಮುಂದಿನ ಚಕ್ರದಿಂದ 19 ಕೆಜಿ ಎತ್ತುತ್ತದೆ. ಟ್ಯಾಂಕು ಖಾಲಿ ಮಾಡಿದರೆ ಬೇಕಾಗುವ ಹಿಡಿತ 0.58ರಿಂದ 0.55ಕ್ಕೆ ಇಳಿಯುತ್ತದೆ. ಹಿಂಬಾಗಿಲಿಗೆ ಸೈಕಲ್ ಸ್ಟ್ಯಾಂಡ್, ಪೆಟ್ಟಿಗೆ ಏನಾದರೂ ಇದ್ದರೆ ಅದಕ್ಕೂ ಇದೇ ಕಥೆ, ಇನ್ನೂ ಜೋರಾಗಿ, ಯಾಕಂದರೆ ಅದು ಇನ್ನೂ ಹಿಂದಕ್ಕಿದೆ. ಕುಡಿಯೋ ನೀರು ಕ್ಯಾನಿನಲ್ಲಿ ತುಂಬಿ ಮುಂದಿನ ಸೀಟಿನ ಕಾಲ ಬಳಿ ಇಡಿ. ಜ್ಯಾಕು, ಟೂಲ್ಸ್, ಚೈನು ಎಲ್ಲ ಅಲ್ಲೇ. ಡ್ರೈವರ್ ಕಾಲಿನ ಕಡೆ ಮಾತ್ರ ಏನೂ ಇಡಬೇಡಿ.

ಎರಡನೆಯದು ಟಯರಿನ ಗಾಳಿ. ಅದನ್ನು ಬೇರೆಯವರು ಹೇಳಲಿ.

ಮೂರನೆಯದು, ಕೊನೆಯ ಅಸ್ತ್ರ: ರಿವರ್ಸ್‌ನಲ್ಲಿ ಹತ್ತುವುದು. ಹಿಮ್ಮುಖ ನಿಂತರೆ ಡ್ರೈವ್ ಚಕ್ರ ಇಳಿಜಾರಿನ ಕೆಳಬದಿಗೆ ಬರುತ್ತದೆ, ಆ 160 ಕೆಜಿ ಕಳೆಯುವ ಬದಲು ಕೂಡುತ್ತದೆ. ಮುಂದಿನ ಚಕ್ರದ ಮೇಲೆ 1,377 ಕೆಜಿ, ಬೇಕಾಗುವ ಹಿಡಿತ ಬರೀ 0.44. ಅಂದರೆ ನೇರವಾಗಿ 15% ಹತ್ತಿದಷ್ಟೇ ಸುಲಭ. ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಹಳೆಯ ವ್ಯಾನುಗಳಿಗೆ ಈ ಲಾಭ ಮುಮ್ಮುಖವಾಗಿಯೇ ಸಿಗುತ್ತದೆ. ಅದಕ್ಕೇ ಅವು ಏರಿನಲ್ಲಿ ಚೆನ್ನಾಗಿ ಎಳೆಯುತ್ತವೆ.

ಹೇರ್‌ಪಿನ್ ಬಗ್ಗೆ ಒಂದು ಮಾತು. 3 ಮೀಟರ್ ಏರುವ ತಿರುವು ಅಂದುಕೊಳ್ಳಿ. ಒಳಅಂಚಿನಲ್ಲಿ 6 ಮೀಟರ್ ತ್ರಿಜ್ಯಕ್ಕೆ ದಾರಿಯ ಉದ್ದ 19 ಮೀಟರ್, ಅಲ್ಲಿ ಏರು 16%. ಹೊರಅಂಚಿನಲ್ಲಿ 10 ಮೀಟರ್ ತ್ರಿಜ್ಯಕ್ಕೆ ಉದ್ದ 31 ಮೀಟರ್, ಏರು 10%ಕ್ಕಿಂತ ಕಡಿಮೆ. ತಿರುವು ಅದೇ, ಆದರೆ ಹೊರಗಿನಿಂದ ಹೋದರೆ ಹತ್ತುತ್ತದೆ, ಒಳಗಿನಿಂದ ಹೋದರೆ ಒಳಚಕ್ರ ಜಲ್ಲಿ ಎರಚಿಕೊಂಡು ನಿಲ್ಲುತ್ತದೆ. ಎದುರಿನಿಂದ ಯಾರೂ ಬರುತ್ತಿಲ್ಲ ಅನ್ನೋದು ಖಚಿತವಾದ ಮೇಲೆ ಹೊರಬದಿಯನ್ನೇ ಹಿಡಿಯಿರಿ. ಅಂಚಿನ ಮಣ್ಣು ಕುಸಿದಿಲ್ಲ ಅನ್ನೋದನ್ನು ಇಳಿದು ನೋಡಿ.

ಗ್ರೀಸ್‌ಕೈ

ಹತ್ತೋದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಹತ್ತಲಾಗದ ಗಾಡಿ ಅಲ್ಲೇ ನಿಲ್ಲುತ್ತದೆ, ಇಳಿಯಲಾಗದ ಗಾಡಿ ನಿಲ್ಲೋದಿಲ್ಲ. ನಾನು ಇಳಿಯೋದರ ಬಗ್ಗೆಯೇ ಬರೆಯುತ್ತೇನೆ.

2,640 ಕೆಜಿ 1,200 ಮೀಟರ್ ಇಳಿಯಿತು ಅಂದರೆ 31 ಮೆಗಾಜೌಲ್ ಶಕ್ತಿ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಜಲ್ಲಿ ರಸ್ತೆಯಲ್ಲಿ ಅದರ ಅರ್ಧದಷ್ಟನ್ನು ಜಲ್ಲಿಯೇ ತಿಂದುಬಿಡುತ್ತದೆ. ಟಾರು ರಸ್ತೆಯ ಇಳಿಜಾರಿನಲ್ಲಿ ಆ ಸಹಾಯ ಇಲ್ಲ, ಹಾಗಾಗಿ ಬ್ರೇಕಿಗೆ ನುಣುಪು ರಸ್ತೆಯೇ ಹೆಚ್ಚು ಅಪಾಯ. ಆದರೆ ಸರಾಸರಿ ನೋಡಿ ನೆಮ್ಮದಿಯಾಗಬೇಡಿ. 15% ಇಳಿಜಾರಿನಲ್ಲಿ ಗಂಟೆಗೆ 20 ಕಿ.ಮೀ.ನಲ್ಲಿ ಇಳಿಯುವಾಗ, ಜಲ್ಲಿ ತಿಂದು ಉಳಿದದ್ದೇ 16 ಕಿಲೋವ್ಯಾಟ್. ರೂಮ್ ಹೀಟರುಗಳು ಎಂಟು, ಒಂದೊಂದೂ 2 ಕಿಲೋವ್ಯಾಟಿನವು, ಎಲ್ಲ ಒಟ್ಟಿಗೆ ಉರಿದ ಹಾಗೆ.

ಈಗ ಗೇರಿನ ವಿಷಯ. ಇಂಥ ವ್ಯಾನುಗಳಲ್ಲಿ ಮೊದಲ ಗೇರಿನಲ್ಲಿ 20 ಕಿ.ಮೀ. ಅಂದರೆ ಎಂಜಿನ್ 2,700 ಸುತ್ತಿನ ಹತ್ತಿರ. ಆ ಸುತ್ತಿಗೆ 2.5 ಲೀಟರ್ ಎಂಜಿನ್ ಹತ್ತು ಕಿಲೋವ್ಯಾಟ್ ಚಿಲ್ಲರೆ ತಾನೇ ನುಂಗುತ್ತದೆ, ಬ್ರೇಕಿಗೆ ಉಳಿಯೋದು ಐದಾರು. ಎರಡನೇ ಗೇರಿಗೆ ಹಾಕಿದರೆ ಎಂಜಿನ್ 1,400 ಸುತ್ತಿಗೆ ಇಳಿದು ಐದರ ಆಸುಪಾಸು ಮಾತ್ರ ತಿನ್ನುತ್ತದೆ, ಉಳಿದ ಹನ್ನೊಂದು ಬ್ರೇಕಿನ ತಲೆ ಮೇಲೆ. ಒಂದು ಗೇರಿನ ವ್ಯತ್ಯಾಸಕ್ಕೆ ಬ್ರೇಕಿನ ಬಿಸಿ ಹೆಚ್ಚುಕಡಿಮೆ ದುಪ್ಪಟ್ಟು. ಡೀಸೆಲ್ಲಿಗೆ ಒಳಹೋಗುವ ಗಾಳಿಯನ್ನು ತಡೆಯುವ ಥ್ರಾಟಲ್ ಬಾಗಿಲು ಇಲ್ಲದ ಕಾರಣ ಪೆಟ್ರೋಲ್ ಎಂಜಿನ್ನಿನಷ್ಟು ಅದು ಹಿಡಿಯುವುದಿಲ್ಲ ಅನ್ನೋದೂ ನೆನಪಿರಲಿ. ಹಾಗಾಗಿ ಇಳಿಜಾರು ಶುರುವಾಗುವ ಮುಂಚೆಯೇ ಮೊದಲ ಗೇರು. ಅರ್ಧ ಇಳಿದ ಮೇಲೆ ಗೇರು ಇಳಿಸೋಣ ಅಂದರೆ ಗಾಡಿ ವೇಗ ಹಿಡಿದಿರುತ್ತದೆ, ಮೊದಲ ಗೇರು ಬೀಳೋದಿಲ್ಲ, ನ್ಯೂಟ್ರಲ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಬ್ರೇಕ್ ಮೇಲೆ ಕಾಲು ಸದಾ ಇಟ್ಟುಕೊಂಡು ಸವರುತ್ತಾ ಇಳಿಯಬೇಡಿ. ವೇಗ 25 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 15ಕ್ಕೆ ತನ್ನಿ, ಪೂರ್ತಿ ಬಿಡಿ, ಮತ್ತೆ 25 ಆಗಲಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕಿಗೆ ಗಾಳಿ ಸಿಗುತ್ತದೆ.

ಬ್ರೇಕ್ ಎರಡು ರೀತಿಯಲ್ಲಿ ಕೈಕೊಡುತ್ತದೆ, ಎರಡನ್ನೂ ಕಾಲಿನಲ್ಲೇ ಗುರುತಿಸಬಹುದು. ಪೆಡಲ್ ಗಟ್ಟಿಯಾಗಿಯೇ ಇದೆ ಆದರೆ ಗಾಡಿ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡು, ಲೈನರ್ ಕಾದಿವೆ. ನಿಲ್ಲಿಸಿ ಆರಲು ಬಿಟ್ಟರೆ ಹೆಚ್ಚಾಗಿ ಸರಿಹೋಗುತ್ತದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ಕೆಳಕ್ಕೆ ಇಳಿಯುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ. ಇದು ಹೆಚ್ಚು ಕೆಟ್ಟದ್ದು. ಪೆಡಲ್ಲನ್ನು ಬೇಗ ಬೇಗ ಪಂಪ್ ಮಾಡಿ ಸಿಕ್ಕಷ್ಟು ಒತ್ತಡ ತಗೊಂಡು, ಹ್ಯಾಂಡ್‌ಬ್ರೇಕ್ ನಿಧಾನ ಎಳೆದು, ಗುಡ್ಡದ ಬದಿಗೆ ತಾಗಿಸಿ ನಿಲ್ಲಿಸಿ. ಡಾಟ್ 4 ಬ್ರೇಕ್ ಆಯಿಲ್ ಹೊಸತಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ, 3.7% ನೀರು ಹೀರಿಕೊಂಡ ಮೇಲೆ ಕನಿಷ್ಠ 155. ಅದು ಗಾಳಿಯ ತೇವವನ್ನು ತಾನಾಗಿಯೇ ಹೀರುತ್ತದೆ, ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ. ಹಾಗಾಗಿ 2 ವರ್ಷ ಆಗಿದ್ದರೆ ಬದಲಾಯಿಸಿ, ಇಂಥ ದಾರಿಗೆ ಮುಂಚೆ ಒಂದು ವರ್ಷ ಆಗಿದ್ದರೂ ಬದಲಾಯಿಸಿ. ಒಂದು ಲೀಟರ್ ಸಾಕು.

ಬಿಚ್ಚಿ ನೋಡಬೇಕಾದದ್ದು:

ಬ್ರೇಕಿನ ರಬ್ಬರ್ ಹೋಸು. ಹೊರಗೆ ಚೆನ್ನಾಗಿ ಕಂಡರೂ 20–30 ವರ್ಷದ ಹೋಸು ಒಳಗೆ ಊದಿ, ಆಯಿಲ್ಲನ್ನು ಹೋಗಲು ಬಿಟ್ಟು ವಾಪಸು ಬರಲು ಬಿಡುವುದಿಲ್ಲ. ಬ್ರೇಕ್ ಬಿಟ್ಟ ಮೇಲೂ ಆ ಚಕ್ರ ಉಜ್ಜುತ್ತಲೇ ಇರುತ್ತದೆ. ಪರೀಕ್ಷೆ ಸುಲಭ: 10 ಕಿ.ಮೀ. ಓಡಿಸಿ, ಆದಷ್ಟು ಬ್ರೇಕ್ ಹಾಕದೆ ನಿಲ್ಲಿಸಿ, ನಾಲ್ಕೂ ರಿಮ್ ಹತ್ತಿರ ಅಂಗೈ ಹಿಡಿಯಿರಿ. ಒಂದು ಮಾತ್ರ ಬಿಸಿ ಇದ್ದರೆ ಹೋಸು ಇಲ್ಲವೇ ಕ್ಯಾಲಿಪರ್.

ಲೋಡ್ ಸೆನ್ಸಿಂಗ್ ವಾಲ್ವು. ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ಕಂಬಿಯಿಂದಲೋ ಸ್ಪ್ರಿಂಗಿನಿಂದಲೋ ಕಟ್ಟಿರುತ್ತಾರೆ. ಹಿಂಭಾಗ ಭಾರಕ್ಕೆ ಕುಗ್ಗಿದರೆ ಹಿಂದಿನ ಡ್ರಮ್ಮಿಗೆ ಹೆಚ್ಚು ಒತ್ತಡ ಬಿಡುವುದು ಅದರ ಕೆಲಸ. ಹಳೆಯ ವ್ಯಾನುಗಳಲ್ಲಿ ಹತ್ತರಲ್ಲಿ ಹಲವು ತುಕ್ಕು ಹಿಡಿದು ಖಾಲಿ ಗಾಡಿಯ ಸ್ಥಾನದಲ್ಲೇ ಅಂಟಿಕೊಂಡಿರುತ್ತವೆ. ಆಗ ಹಿಂದಿನ ಬ್ರೇಕ್ ಅರೆಬರೆ, ಇಡೀ ಹೊರೆ ಮುಂದಿನ ಡಿಸ್ಕಿಗೆ, ಅದು ಬೇಗ ಕಾಯುತ್ತದೆ. ಲಿವರ್ ಕೈಯಲ್ಲಿ ಅಲುಗಾಡಬೇಕು. ನಿಮ್ಮ ಕೊನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ಹಿಂದಿನ ಸಸ್ಪೆನ್ಷನ್ ಎತ್ತಿಸಿ ಈ ಕಂಬಿಯನ್ನು ಮತ್ತೆ ಹೊಂದಿಸದಿದ್ದರೆ, ಗಾಡಿ ಖಾಲಿ ಇದೆ ಅಂತ ವಾಲ್ವು ತಿಳಿದುಕೊಳ್ಳುತ್ತದೆ. ತುಂಬಿದ ಕ್ಯಾಂಪರಿಗೆ ಹಿಂದೆ ಬ್ರೇಕೇ ಇಲ್ಲದ ಹಾಗೆ.

ಕಾಲಿನ ಒತ್ತನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ಮತ್ತು ಎಂಜಿನ್ ಓಡುವಾಗ ಅದಕ್ಕೆ ನಿರ್ವಾತ ಕೊಡುವ ವ್ಯಾಕ್ಯೂಮ್ ಪಂಪು. ಎಂಜಿನ್ ಬಂದ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಒಂದಿಷ್ಟು ಕೆಳಗೆ ಜಾರಬೇಕು. ಜಾರದಿದ್ದರೆ ಪಂಪು, ಪೈಪು ಅಥವಾ ಡಯಾಫ್ರಮ್ ಸರಿಯಿಲ್ಲ. ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡಿ ಇಳಿಯುವ ಚಾಳಿ ಯಾರಿಗಾದರೂ ಇದ್ದರೆ: ಎರಡು ಮೂರು ಒತ್ತಿನ ನಂತರ ಪೆಡಲ್ ಕಲ್ಲಾಗುತ್ತದೆ.

ಇಳಿದು ನಿಲ್ಲಿಸಿದ ಮೇಲೆ ಕಾದ ಡ್ರಮ್ಮಿಗೆ ನೀರು ಹುಯ್ಯಬೇಡಿ, ಬಿರುಕು ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು ಹೋಗಬೇಡಿ. ಡ್ರಮ್ ಆರುತ್ತಾ ಕುಗ್ಗಿ ಶೂಗಳನ್ನು ಕಚ್ಚಿಕೊಳ್ಳುತ್ತದೆ. ಹಿಂದೆ ಡಿಸ್ಕ್ ಇರುವ ಗಾಡಿಗಳಲ್ಲಿ ಉಲ್ಟಾ, ಆರಿದಂತೆ ಹಿಡಿತ ಸಡಿಲವಾಗಿ ಗಾಡಿ ತಾನೇ ಹೊರಡಬಹುದು. ಎರಡಕ್ಕೂ ಮದ್ದು ಒಂದೇ: ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ.

ಕಲ್ಲುದಾರಿ

ಟಯರಿನ ವಿಷಯಕ್ಕೆ ಬರೋಣ. 104 ಇಂಡೆಕ್ಸ್ ಅಂದರೆ ಒಂದು ಟಯರು 900 ಕೆಜಿ ಹೊರುತ್ತದೆ, ಆದರೆ 65 ಪಿಎಸ್‌ಐ ಗಾಳಿಯಲ್ಲಿ. ನಿಮ್ಮದರಲ್ಲಿ ಹಿಂದೆ ಒಂದಕ್ಕೆ 700, ಮುಂದೆ 620. ಹಾಗಾಗಿ ಟಾರು ರಸ್ತೆಗೆ ತಣ್ಣಗಿರುವಾಗ ಮುಂದೆ 44, ಹಿಂದೆ 52 ಸರಿಹೋಗುತ್ತದೆ. ಜಲ್ಲಿಗೆ ಸುಮಾರು 20% ಇಳಿಸಿ: ಮುಂದೆ 34–35, ಹಿಂದೆ 42. ಇಳಿಸಿದ ಮೇಲೆ 40 ಕಿ.ಮೀ. ದಾಟಬೇಡಿ, ಟಯರಿನ ಗೋಡೆ ಮಡಚಿ ಮಡಚಿ ಕಾಯುತ್ತದೆ. ಇನ್ನೂ ಇಳಿಸಿದರೆ ಹಿಡಿತವೇನೋ ಹೆಚ್ಚುತ್ತದೆ, ಆದರೆ ಗೋಡೆ ಹೊರಕ್ಕೆ ಉಬ್ಬಿ ಚೂಪು ಕಲ್ಲಿಗೆ ಸಿಗುತ್ತದೆ. ಮೇಲೆ ಬಿದ್ದ ತೂತಿಗೆ ಪಂಕ್ಚರ್ ಹಾಕಬಹುದು, ಗೋಡೆ ಸೀಳಿದರೆ ಟಯರು ಕಸ.

ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯೊತ್ತಡ ಕಡಿಮೆಯಾಗಿ ಗೇಜು ಪ್ರತಿ 1,000 ಮೀಟರಿಗೆ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಚಳಿ ಅದನ್ನು ಮತ್ತೆ ತಿನ್ನುತ್ತದೆ, 10 ಡಿಗ್ರಿಗೆ ಎರಡರಷ್ಟು. ಎರಡೂ ಹೊಡೆದುಕೊಂಡು ಹೋಗುತ್ತವೆ ಅಂದುಕೊಂಡು ಸುಮ್ಮನಿರಬಹುದು, ಆದರೆ ಬೆಳಿಗ್ಗೆ ಒಮ್ಮೆ ಗೇಜು ಹಿಡಿಯಿರಿ. ಮತ್ತೆ ತುಂಬಲು 12 ವೋಲ್ಟ್ ಕಂಪ್ರೆಸರ್ ಇಟ್ಟುಕೊಂಡರೆ ಅದರ ಕ್ಲಿಪ್ಪನ್ನು ನೇರ ಬ್ಯಾಟರಿಗೆ ಹಾಕಿ. ಸಿಗರೇಟ್ ಸಾಕೆಟ್ಟಿಗೆ ಹಾಕಿದರೆ ಎರಡನೇ ಟಯರಿಗೇ ಫ್ಯೂಸು ಹೋಗುತ್ತದೆ.

ಟಯರಿನ ವಯಸ್ಸು ನೋಡಿ. ಕ್ಯಾಂಪರುಗಳು ಓಡೋದು ಕಡಿಮೆ, ಹಾಗಾಗಿ ಹಲ್ಲು ಹೊಸದರ ಹಾಗಿರುತ್ತದೆ, ರಬ್ಬರು ಮಾತ್ರ ಸತ್ತಿರುತ್ತದೆ. ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಸ್ಪೇರ್ ಟಯರಿಗೂ ನೋಡಿ, ಅದು ಗಾಡಿಯಷ್ಟೇ ಹಳೆಯದಿರುತ್ತದೆ.

ಏರಿನಲ್ಲಿ ಚಕ್ರ ಸುತ್ತಲು ಶುರುವಾದರೆ ಆಕ್ಸಿಲರೇಟರ್ ಒತ್ತಬೇಡಿ, ಅರ್ಧ ಬಿಡಿ. ಸುತ್ತುವ ಚಕ್ರ ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಓಪನ್ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಕ್ಕೆ ಹಂಚುವ, ಲಾಕ್ ಇಲ್ಲದ ಗೇರುಪೆಟ್ಟಿಗೆ) ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ, ಆದರೆ ಆ ಬಲ ಎಷ್ಟು ಅನ್ನೋದನ್ನು ತೀರ್ಮಾನ ಮಾಡೋದು ಜಾರುತ್ತಿರುವ ಚಕ್ರ. ಒಂದು ಚಕ್ರ ಮಾತ್ರ ಸುತ್ತುತ್ತಿದ್ದರೆ ಎಡಗಾಲಲ್ಲಿ ಫುಟ್‌ಬ್ರೇಕ್ ತುಸು ಒತ್ತಿ, ಬಲಗಾಲಲ್ಲಿ ಎಂಜಿನ್ ಹಿಡಿದಿಡಿ. ಬ್ರೇಕಿನ ಎದುರು ಎಂಜಿನ್ ಹೆಚ್ಚು ದುಡಿಯುತ್ತದೆ, ಆ ಹೆಚ್ಚಿನ ಬಲ ಹಿಡಿತ ಇರುವ ಚಕ್ರಕ್ಕೂ ಮುಟ್ಟುತ್ತದೆ. ಒಮ್ಮೆಗೆ ಐದಾರು ಸೆಕೆಂಡು ಮಾತ್ರ. "ಹ್ಯಾಂಡ್‌ಬ್ರೇಕ್ ಎರಡು ಕ್ಲಿಕ್ ಎಳೆಯಿರಿ" ಅನ್ನೋ ಸಲಹೆ ಹಿಂದಿನ ಚಕ್ರದ ಡ್ರೈವ್ ಗಾಡಿಗೆ. ನಿಮ್ಮದರಲ್ಲಿ ಅದು ಸುಮ್ಮನೆ ಹಿಂದಿನಿಂದ ಎಳೆದುಕೊಂಡಂತೆ ಅಷ್ಟೇ.

ನಡು ಏರಿನಲ್ಲಿ ಎಂಜಿನ್ ನಿಂತುಹೋಯಿತು ಅನ್ನಿ. ಕ್ಲಚ್ ಒತ್ತಿಕೊಂಡು ಹಿಂದಕ್ಕೆ ಜಾರಬೇಡಿ, ಗಾಡಿ ಅಡ್ಡ ತಿರುಗಿಸುವ ಯೋಚನೆಯನ್ನಂತೂ ಮಾಡಲೇಬೇಡಿ, ಎತ್ತರದ ಛಾವಣಿಯ ಗಾಡಿ ಉರುಳುವುದು ಅಲ್ಲೇ. ಫುಟ್‌ಬ್ರೇಕ್, ಹ್ಯಾಂಡ್‌ಬ್ರೇಕ್ ಎರಡೂ ಹಿಡಿದು, ಎಂಜಿನ್ ಬಂದ್ ಇರುವಾಗಲೇ ರಿವರ್ಸ್ ಗೇರ್ ಹಾಕಿ. ಕ್ಲಚ್ ಪೂರ್ತಿ ಬಿಡಿ. ಸ್ಟೇರಿಂಗ್ ನೇರ. ಹ್ಯಾಂಡ್‌ಬ್ರೇಕ್ ಇಳಿಸಿ, ಫುಟ್‌ಬ್ರೇಕ್ ನಿಧಾನ ಸಡಿಲಿಸುತ್ತಾ ಕೀಲಿ ತಿರುಗಿಸಿ. ಸ್ಟಾರ್ಟರ್ ಮೋಟರೇ ಗಾಡಿಯನ್ನು ಒಂದಡಿ ಹಿಂದಕ್ಕೆ ತಳ್ಳುತ್ತದೆ, ಎಂಜಿನ್ ಹತ್ತಿಕೊಳ್ಳುತ್ತದೆ, ಗಾಡಿ ಎಂಜಿನ್ನಿನ ಹಿಡಿತದಲ್ಲೇ ಇಳಿಯುತ್ತದೆ. ಕ್ಲಚ್ ಮುಟ್ಟುವ ಅಗತ್ಯವೇ ಇಲ್ಲ. ಮುಂದಿನ ಗೇರಿನಲ್ಲಿಟ್ಟು ಹಿಂದಕ್ಕೆ ಜಾರಿಸಿದರೆ ಎಂಜಿನ್ ಉಲ್ಟಾ ತಿರುಗುತ್ತದೆ, ಹಳೆಯ ಟೈಮಿಂಗ್ ಬೆಲ್ಟು ಒಂದು ಹಲ್ಲು ಜಿಗಿದರೆ ಅಲ್ಲಿಗೆ ಮುಗಿಯಿತು.

ಕೊರಕಲು ರಸ್ತೆಯಲ್ಲಿ ಚಕ್ರಗಳನ್ನು ಕೊರಕಲಿನೊಳಗೆ ಬಿಡಬೇಡಿ, ಒಂದನ್ನು ನಡುದಿಬ್ಬದ ಮೇಲೆ, ಇನ್ನೊಂದನ್ನು ಅಂಚಿನ ಮೇಲೆ ಓಡಿಸಿ. ಮುಷ್ಟಿಗಿಂತ ದೊಡ್ಡ ಕಲ್ಲು ಕಂಡರೆ ಅದು ಗಾಡಿಯ ಹೊಟ್ಟೆಯಡಿ ಹೋಗಲಿ ಅಂತ ಬಿಡದೆ ಟಯರನ್ನೇ ಅದರ ಮೇಲೆ ಹತ್ತಿಸಿ. ಹೆಬ್ಬೆರಳು ಸ್ಟೇರಿಂಗ್ ಒಳಗೆ ಸುತ್ತಬೇಡಿ, ಕಲ್ಲು ಹೊಡೆದಾಗ ಚಕ್ರ ತಟ್ಟನೆ ತಿರುಗಿ ಬೆರಳು ಮುರಿಯುತ್ತದೆ. ಅಡ್ಡ ಚರಂಡಿ ಬಂದರೆ 30–45 ಡಿಗ್ರಿ ಓರೆಯಾಗಿ ದಾಟಿ, ಇಲ್ಲದಿದ್ದರೆ ಹಿಂದಿನ ಬಂಪರು ನೆಲ ಉಳುತ್ತದೆ.

ಹಳ್ಳ: ನಿಮ್ಮ ಟಯರಿನ ವ್ಯಾಸ 65 ಸೆಂ.ಮೀ., ಚಕ್ರದ ನಡುಬಿಂದು ನೆಲದಿಂದ 32. ನೀರು 30 ದಾಟಿದರೆ ಬೇಡ, ಹರಿವು ಜೋರಿದ್ದರೆ ಅದಕ್ಕಿಂತ ಕಡಿಮೆಗೂ ಬೇಡ. ಕೋಲು ಹಿಡಿದು ನಡೆದು ದಾಟಿ ನೋಡಿ, ನಡೆಯಲಾಗದ ನೀರಿನಲ್ಲಿ ಗಾಡಿಯನ್ನೂ ಇಳಿಸಬಾರದು. ಹಿಮ ಕರಗಿ ಬರುವ ಹಳ್ಳವಾದರೆ ಬೆಳಿಗ್ಗೆ ಬೇಗ ದಾಟಿ, ಮಧ್ಯಾಹ್ನದ ಮೇಲೆ ಅದೇ ಹಳ್ಳ ಬೇರೆಯೇ ಆಗಿರುತ್ತದೆ. ಮೊದಲ ಗೇರು, ಆಳು ನಡೆಯುವ ವೇಗ, ನೀರಿನ ನಡುವೆ ಕ್ಲಚ್ ಒತ್ತಬೇಡಿ. ಆಚೆ ದಡದಲ್ಲಿ ಐವತ್ತು ಮೀಟರ್ ಬ್ರೇಕ್ ಸವರಿಕೊಂಡು ಹೋಗಿ, ಡ್ರಮ್ ಒಣಗಲಿ. ಸವರುವುದಕ್ಕೆ ಅನುಮತಿ ಇರೋದು ಇದೊಂದೇ ಜಾಗದಲ್ಲಿ.

ಎರಡನೇಗೇರು

ಚರಂಡಿಯನ್ನು ಓರೆಯಾಗಿ ದಾಟುವುದಕ್ಕೆ ನನ್ನ ತಕರಾರಿದೆ. ಓರೆ ಹೋದಾಗ ಎದುರು ಮೂಲೆಗಳ ಎರಡು ಚಕ್ರ ಗಾಳಿಯಲ್ಲಿ ತೂಗುತ್ತವೆ. ಅದರಲ್ಲೊಂದು ಮುಂದಿನದು, ಓಪನ್ ಡಿಫರೆನ್ಷಿಯಲ್, ಅಲ್ಲಿಗೆ ಎಳೆತ ಸೊನ್ನೆ. ಸಮತಟ್ಟಿನಲ್ಲಿ ಇದ್ದ ವೇಗದಲ್ಲೇ ದಾಟಿಬಿಡಬಹುದು, ಏರಿನಲ್ಲಿ ಚರಂಡಿಯಲ್ಲೇ ಕೂರುತ್ತೀರಿ.

ಕಲ್ಲುದಾರಿ

ಒಪ್ಪಿದೆ, ಏರಿನಲ್ಲಿ ಓರೆ ಬೇಡ. ನೇರ ಹೋದರೆ ಹಿಂಭಾಗ ತಾಗುತ್ತದೆ ಅನ್ನಿಸಿದರೆ ಇಳಿದು ಚರಂಡಿಗೆ ಕಲ್ಲು ತುಂಬಿ. ಚಕ್ರ ಹೋಗುವ ಎರಡು ಪಟ್ಟಿ ಮಾತ್ರ, ಒಂದೊಂದು 40 ಸೆಂ.ಮೀ. ಅಗಲ. ಹತ್ತು ನಿಮಿಷದ ಕೆಲಸ. ದಾಟಿದ ಮೇಲೆ ಕಲ್ಲು ತೆಗೆದುಬಿಡಿ, ಇಲ್ಲದಿದ್ದರೆ ಮುಂದಿನ ಮಳೆಗೆ ನೀರು ರಸ್ತೆಯ ಮೇಲೆಯೇ ಹರಿದು ಇನ್ನೊಂದು ಕಡೆ ಕೊರೆಯುತ್ತದೆ.

ಹಳೇವ್ಯಾನು

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. 20% ತುಂಡು ಸುಮಾರು 150 ಮೀಟರ್ ಇದೆ, ಅಷ್ಟು ದೂರ ರಿವರ್ಸ್‌ನಲ್ಲಿ ಹತ್ತುವುದು ಸರಿಯಾ? ಮತ್ತೆ, 2,600 ಮೀಟರಿನಲ್ಲಿ ಎಂಜಿನ್ ಕಾಯುವುದು, ಕಪ್ಪು ಹೊಗೆ, ಇವನ್ನು ಎಷ್ಟರಮಟ್ಟಿಗೆ ತಲೆಗೆ ಹಚ್ಚಿಕೊಳ್ಳಬೇಕು?

ಲೀಫ್‌ಸ್ಪ್ರಿಂಗ್

ರಿವರ್ಸ್ ಲೆಕ್ಕದಲ್ಲಿ ಚೆನ್ನಾಗಿದೆ, ಸ್ಟೇರಿಂಗಿನಲ್ಲಿ ಅಷ್ಟು ಚೆನ್ನಾಗಿಲ್ಲ. ಹಿಮ್ಮುಖ ಹೋಗುವಾಗ ತಿರುಗುವ ಚಕ್ರ ಹಿಂದಾಗುತ್ತದೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವ ಬದಲು ಕೈಯಿಂದ ಕಿತ್ತುಕೊಂಡು ಕೊನೆಯವರೆಗೆ ತಿರುಗಲು ನೋಡುತ್ತದೆ. ಮೂತಿ ಹೊರಕ್ಕೆ, ಅಂದರೆ ಪ್ರಪಾತದ ಕಡೆಗೆ ಬೀಸುತ್ತದೆ. 20–30 ಮೀಟರಿನ ನೇರ ತುಂಡಿಗೆ ಸರಿ. ಹೇರ್‌ಪಿನ್ ಸೇರಿದ 150 ಮೀಟರಿಗೆ ಬೇಡ. ಅಲ್ಲಿ ಮುಂದಿನ ಚಕ್ರಕ್ಕೆ ಚೈನು ಹಾಕಿ. ಹಿಮಕ್ಕೆ ಅಂತ ಮಾರುವ ಏಣಿ ವಿನ್ಯಾಸದ ಚೈನು ಸಡಿಲ ಜಲ್ಲಿಯಲ್ಲೂ ಕೆಸರಲ್ಲೂ ಕಚ್ಚುತ್ತದೆ. ಹಾಕಿ 50 ಮೀಟರ್ ಹೋಗಿ ಮತ್ತೆ ಬಿಗಿ ಮಾಡಿ, ಒಳಬದಿಯಲ್ಲಿ ಬ್ರೇಕ್ ಹೋಸಿಗೆ ತಾಗದಂತೆ ನೋಡಿ, ಗಟ್ಟಿ ನೆಲ ಬಂದ ಕೂಡಲೇ ಬಿಚ್ಚಿ. ಇಳಿಜಾರಿನಲ್ಲಿ ಮುಂದೆ ಮಾತ್ರ ಚೈನು ಇದ್ದರೆ ಮುಂಭಾಗ ಹಿಡಿಯುತ್ತದೆ, ಹಿಂಭಾಗ ಜಾರಿ ಪಕ್ಕಕ್ಕೆ ಬರುತ್ತದೆ. ಹಾಗಾಗಿ ಹತ್ತಲು ಮಾತ್ರ.

ಇನ್ನು ಎಂಜಿನ್. ಟರ್ಬೋ ಇಲ್ಲದ ಎಂಜಿನ್ 2,600 ಮೀಟರಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಶಕ್ತಿ ಕಳೆದುಕೊಂಡಿರುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪಿಗೆ ಗಾಳಿ ತೆಳುವಾಗಿದೆ ಅಂತ ತಿಳಿಯೋದಿಲ್ಲ, ಅದು ಕೆಳಗೆ ಕೊಡುತ್ತಿದ್ದಷ್ಟೇ ಡೀಸೆಲ್ ಕೊಡುತ್ತದೆ. ಉರಿಯದ ಡೀಸೆಲ್ಲೇ ಆ ಕಪ್ಪು ಹೊಗೆ. ಕನ್ನಡಿಯಲ್ಲಿ ಹೊಗೆ ನೋಡುತ್ತಾ ಅದು ತೆಳುವಾಗುವವರೆಗೆ ಕಾಲು ಎತ್ತಿ. ಎಳೆತವೇನೂ ಕಡಿಮೆಯಾಗುವುದಿಲ್ಲ, ಬಿಸಿ ಮಾತ್ರ ಇಳಿಯುತ್ತದೆ. ಏರ್ ಫಿಲ್ಟರ್ ಹೊಸದು ಹಾಕಿಕೊಂಡು ಹೋಗಿ, ಒಂದು ಡೀಸೆಲ್ ಫಿಲ್ಟರ್ ಜೊತೆಗಿರಲಿ.

ಕೂಲಿಂಗಿನಲ್ಲಿ ಎಲ್ಲರೂ ರೇಡಿಯೇಟರ್ ನೋಡುತ್ತಾರೆ, ಮುಚ್ಚಳ ನೋಡುವುದಿಲ್ಲ. 2,600 ಮೀಟರಿನಲ್ಲಿ ಬರೀ ನೀರು 91 ಡಿಗ್ರಿಗೆ ಕುದಿಯುತ್ತದೆ, ಅಂದರೆ ನಿಮ್ಮ ಎಂಜಿನ್ನಿನ ಮಾಮೂಲಿ ಬಿಸಿಯಲ್ಲೇ. ಅದನ್ನು ತಡೆಯುವುದು ಮುಚ್ಚಳದ ಸ್ಪ್ರಿಂಗು. 1 ಬಾರ್ ಒತ್ತಡ ಹಿಡಿಯುವ ಒಳ್ಳೆಯ ಮುಚ್ಚಳ ಇದ್ದರೆ ಕುದಿಯುವ ಬಿಂದು 115ರ ಮೇಲೆ ಹೋಗುತ್ತದೆ, ಅರ್ಧ ಕೂಲೆಂಟ್ ಅರ್ಧ ನೀರು ಇದ್ದರೆ ಇನ್ನೂ ಮೇಲೆ. ಸ್ಪ್ರಿಂಗು ಸೋತಿದ್ದರೆ ಆ ಇಪ್ಪತ್ತು ಚಿಲ್ಲರೆ ಡಿಗ್ರಿ ಪೂರ್ತಿ ನಷ್ಟ. ಮುಚ್ಚಳ ಹೊಸದು ಹಾಕಿ, ಒಳಗಿನ ರಬ್ಬರ್ ವಾಷರಿಗೆ ಬಿರುಕಿದ್ದರೆ ಅದೇ ಸಾಕು ಕಾರಣ. ಬಿಸಿಯಿರುವಾಗ ಬಿಚ್ಚಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

15 ಕಿ.ಮೀ. ವೇಗದಲ್ಲಿ ಎದುರುಗಾಳಿ ಅನ್ನೋದು ಇಲ್ಲ, ಕೆಲಸವೆಲ್ಲ ಫ್ಯಾನಿನದು. ಕೆಳಗೆ ಇರುವಾಗಲೇ ಗಾಡಿ ನಿಲ್ಲಿಸಿಕೊಂಡು ಎಂಜಿನ್ ಓಡಿಸಿ, ಫ್ಯಾನು ತಾನಾಗಿ ಶುರುವಾಗಿ ತಾನಾಗಿ ನಿಲ್ಲುತ್ತದಾ ನೋಡಿ. ಏರಿನಲ್ಲಿ ಮುಳ್ಳು ಮೇಲೇರಿದರೆ ಒಳಗಿನ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ ಹಾಕಿ. ಬೆವರುತ್ತೀರಿ, ಆದರೆ ಅದು ಎರಡನೇ ರೇಡಿಯೇಟರ್. ಆಗಲೂ ಇಳಿಯದಿದ್ದರೆ ನಿಲ್ಲಿಸಿ ಎಂಜಿನ್ 1,500 ಸುತ್ತಿಗೆ ಹಿಡಿಯಿರಿ, ತಕ್ಷಣ ಬಂದ್ ಮಾಡಬೇಡಿ. ಬಂದ್ ಮಾಡಿದರೆ ನೀರು ಓಡುವುದು ನಿಂತು ಹೆಡ್ಡಿನೊಳಗಿನ ಬಿಸಿ ಅಲ್ಲೇ ಉಳಿಯುತ್ತದೆ. ಕುದಿದು ಉಕ್ಕಿಯೇಬಿಟ್ಟಿದ್ದರೆ ಮಾತ್ರ ಬಂದ್.

ಸಸ್ಪೆನ್ಷನ್ ಎತ್ತರ ಮಾಡಿಸುವುದಕ್ಕಿಂತ ಕುಸಿದ ಸ್ಪ್ರಿಂಗನ್ನು ಮೊದಲಿನ ಎತ್ತರಕ್ಕೆ ತಂದರೆ ಸಾಕು. ಎತ್ತಿಸಿದರೆ ಮುಂದಿನ ಡ್ರೈವ್ ಶಾಫ್ಟಿನ ಕೋನ ಹೆಚ್ಚಾಗಿ ಸಿವಿ ಜಾಯಿಂಟ್ (ಶಾಫ್ಟಿನ ತುದಿಯ ಬಾಗುವ ಕೀಲು) ಬೇಗ ಸವೆಯುತ್ತದೆ. ಆ ಹಣಕ್ಕೆ ಎಂಜಿನ್ ಅಡಿಗೆ 3 ಮಿ.ಮೀ. ಸ್ಟೀಲ್ ಹಾಳೆ ಹಾಕಿಸಿ, ಆಯಿಲ್ ಬಿಡುವ ಬೋಲ್ಟಿಗೆ ತೂತು ಬಿಡಿಸಿ. ಆ ಕೀಲಿನ ರಬ್ಬರ್ ಕವಚ, ಅಂದರೆ ಸಿವಿ ಬೂಟು, ಹರಿದಿದ್ದರೆ ಹೊರಡುವ ಮುಂಚೆಯೇ ಬದಲಾಯಿಸಿ, ಮಣ್ಣಿನ ರಸ್ತೆಯಲ್ಲಿ ಹರಿದ ಬೂಟು ಅಂದರೆ ಗ್ರೀಸಿನ ಜಾಗದಲ್ಲಿ ಮರಳು.

ಗ್ರೀಸ್‌ಕೈ

ಮುಂದೆ ತಿರುಗಿಸಿ ಹಾಕುವ ಎಳೆಯುವ ಕೊಂಡಿ ಇರುತ್ತದಲ್ಲ, ಅದರ ಮರೆಯಲ್ಲಿ ತುಕ್ಕು ಕೂತಿರುತ್ತದೆ. ಮನೆಯಲ್ಲೇ ಒಮ್ಮೆ ಪೂರ್ತಿ ತಿರುಗುತ್ತದಾ ನೋಡಿ, ಗ್ರೀಸ್ ಹಚ್ಚಿ. ಅದು ನೇರ ಎಳೆಯಲು ಮಾತ್ರ, ಜಗ್ಗಿ ಎಳೆದರೆ ಗುಂಡಿನ ಹಾಗೆ ಕಿತ್ತು ಬರುತ್ತದೆ. ವೀಲ್ ನಟ್ಟು ಮೊದಲ 50–100 ಕಿ.ಮೀ. ನಂತರ ಮತ್ತೆ ಬಿಗಿ ನೋಡಿ. ಗ್ಯಾಸ್ ಸಿಲಿಂಡರಿನ ವಾಲ್ವು ಗಾಡಿ ಓಡುವಾಗ ಬಂದ್ ಇರಲಿ, ಅಲುಗಾಟಕ್ಕೆ ಮೊದಲು ಸಡಿಲವಾಗುವುದೇ ಪೈಪಿನ ಜಾಯಿಂಟು. ಸೋಪು ನೀರು ಹಚ್ಚಿ ಗುಳ್ಳೆ ನೋಡಿ.

ಹಳೇವ್ಯಾನು

ಒಂದೇ ಒಂದು ಕೊನೆಯದು. ಟ್ಯಾಂಕಿನ ನೀರು ಅರ್ಧ ಖಾಲಿ ಮಾಡಿದರೆ ಸಾಕಾ, ಪೂರ್ತಿ ಬೇಕಾ?

ಎರಡನೇಗೇರು

ಪೂರ್ತಿ. ಒಳಗೆ ಅಡ್ಡಗೋಡೆ ಇಲ್ಲದ ಟ್ಯಾಂಕು ಅರ್ಧ ತುಂಬಿದ್ದರೆ ಪ್ರತಿ ತಿರುವಿನಲ್ಲೂ 35 ಕೆಜಿ ಒಂದು ಬದಿಯಿಂದ ಇನ್ನೊಂದು ಬದಿಗೆ ಬಡಿಯುತ್ತದೆ, ಏರಿನಲ್ಲಿ ಎಲ್ಲ ಹಿಂದಿನ ಗೋಡೆಗೆ ಹೋಗಿ ಕೂರುತ್ತದೆ. ಖಾಲಿ ಮಾಡಿದ ಮೇಲೆ ಟ್ಯಾಂಕಿನಡಿಯ ನಲ್ಲಿಗೆ ಒಂದು ತುಂಡು ಹಳೇ ಟ್ಯೂಬ್ ಸುತ್ತಿ ಮೇಲಕ್ಕೆ ಕಟ್ಟಿ. ಗಾಡಿಯಡಿ ಎಲ್ಲಕ್ಕಿಂತ ಕೆಳಗೆ ನೇತಾಡುವುದು ಅದೇ, ಮೊದಲ ಚರಂಡಿಗೇ ಮುರಿಯುತ್ತದೆ.